ಸೇವೆಗೆ ಹೆಸರು ಕೊಟ್ಟವರ ಗಮನಕ್ಕೆ: ಮಾಡಬೇಕಾದ್ದು, ಮಾಡಬಾರದ್ದು

ನಮ್ಮ ಆಲ್ಕೊಹಾಲಿಕ್ಸ್ ಅನಾನಿಮಸ್ (ಎ.ಎ.) ಗುಂಪಿನಲ್ಲಿ ಚಹಾ ಕಾಸುವುದರಿಂದ ಹಿಡಿದು ಜಿ.ಎಸ್.ಆರ್. (ಜನರಲ್ ಸರ್ವೀಸ್ ರೆಪ್ರೆಸೆಂಟೇಟಿವ್, ಅಂದರೆ ಗುಂಪಿನ ಪ್ರತಿನಿಧಿ) ಕೆಲಸದವರೆಗೆ ಯಾವುದೇ ಸೇವೆಗೆ ಹೆಸರು ಕೊಟ್ಟವರೆಲ್ಲ ಇದನ್ನು ಓದಲೇಬೇಕು. ಓದು ಬಾರದವರಿಗೆ, ಆ ಕೆಲಸ ಬಿಟ್ಟುಕೊಡುತ್ತಿರುವವರು ಪಕ್ಕದಲ್ಲಿ ಕೂತು ಓದಿ ಹೇಳಬೇಕು. ಇಲ್ಲಿರುವ ತೀರ್ಮಾನಗಳೆಲ್ಲ ಬಿಸಿನೆಸ್ ಮೀಟಿಂಗಿನಲ್ಲಿ ಮಾತಾಡಿ ಒಪ್ಪಿದ್ದು. ನಡುನಡುವೆ ಕೇಳಿಸುವ ಗೊಣಗಾಟ ಮಾತ್ರ ಬರೆದವನದು.

ಎ.ಎ.ಯಲ್ಲಿ ನಿಯಮಪಟ್ಟಿ ಎಂದರೆ ಹಳಬರು ನಗುತ್ತಾರೆ. ಕಾರಣವಿದೆ. 1953ರಲ್ಲಿ ಬಂದ ‘ಟ್ವೆಲ್ವ್ ಸ್ಟೆಪ್ಸ್ ಅಂಡ್ ಟ್ವೆಲ್ವ್ ಟ್ರೆಡಿಷನ್ಸ್’ ಪುಸ್ತಕದಲ್ಲಿ ಅಮೆರಿಕದ ಒಂದು ಗುಂಪಿನ ಕತೆ ಬರುತ್ತದೆ. ಕ್ಲಬ್ಬು, ಕುಡುಕರಿಗೆ ಆರೈಕೆ, ಊರಿಗೆಲ್ಲ ತಿಳುವಳಿಕೆ, ಎಲ್ಲವನ್ನೂ ಒಂದೇ ಸೂರಿನಡಿ ಮಾಡುತ್ತೇವೆಂದು ಹೊರಟ ಅವರು 61 ನಿಯಮ ಬರೆದರು. ಸ್ವಲ್ಪ ದಿನದಲ್ಲೇ ಎಲ್ಲ ಕುಸಿದುಬಿತ್ತು. ಅದನ್ನು ಕಟ್ಟಲು ಹೊರಟವನೇ ಆಮೇಲೆ ಗಾಲ್ಫ್ ಸ್ಕೋರ್ ಕಾರ್ಡಿನಂಥ ಒಂದು ಕಾರ್ಡು ಅಚ್ಚು ಹಾಕಿಸಿ ಬೇರೆ ಗುಂಪುಗಳಿಗೆ ಕಳಿಸಿದ. ಮೇಲೆ ‘ನಿಯಮ 62’ ಎಂದಿತ್ತು. ಬಿಡಿಸಿ ನೋಡಿದರೆ, ತನ್ನನ್ನು ತಾನು ಭಾರೀ ದೊಡ್ಡವನೆಂದು ಎಣಿಸಿಕೊಳ್ಳಬೇಡ ಎಂಬ ಅರ್ಥದ ಒಂದೇ ಸಾಲು.

ಆ ಕಾರ್ಡು ನಮಗೂ ಸೇರಿದ್ದೇ. ಆದರೂ ಈ ಸೂಚನೆ ಬೇಕಾಯಿತು. ಎ.ಎ. ಸದಸ್ಯರಾಗಲು ಕುಡಿತ ಬಿಡಬೇಕೆಂಬ ಆಸೆಯೊಂದಿದ್ದರೆ ಸಾಕು. ಸದಸ್ಯರ ಮೇಲೆ ಇಲ್ಲಿ ಒಂದು ಷರತ್ತೂ ಇಲ್ಲ. ಗುಂಪಿನ ಬೀಗದ ಕೈ, ಗುಂಪಿನ ದುಡ್ಡು, ಹೊಸಬರ ಫೋನ್ ನಂಬರು ಯಾರ ಕೈಗೆ ಬರುತ್ತದೋ ಅವರಿಗೆ ಷರತ್ತು ಇದೆ.

ಪದವಿ ಬೇಡ, ಬಿರುದು ಬೇಡ

ಗುಂಪಿಗೆ ಅಧ್ಯಕ್ಷರಿಲ್ಲ, ಗೌರವಾಧ್ಯಕ್ಷರಿಲ್ಲ, ಸಂಸ್ಥಾಪಕರಿಲ್ಲ. ನಮ್ಮ ಕಡೆ ಹತ್ತು ಜನ ಸೇರಿ ಸಂಘ ಕಟ್ಟಿದರೆ ಮೊದಲು ಅಚ್ಚಾಗುವುದು ಲೆಟರ್‌ಹೆಡ್ಡು. ಅದರ ಎಡಬದಿಗೆ ಹತ್ತೂ ಜನರ ಹೆಸರು ಬರಬೇಕು, ಒಂದು ಹೆಸರು ಕೆಳಗಾದರೆ ಸಂಘವೇ ಎರಡು ಹೋಳು. ಇಲ್ಲಿ ಲೆಟರ್‌ಹೆಡ್ಡೂ ಇಲ್ಲ, ಫ್ಲೆಕ್ಸೂ ಇಲ್ಲ. ಸೆಕ್ರೆಟರಿ, ಖಜಾಂಚಿ, ಜಿ.ಎಸ್.ಆರ್., ಸುತ್ತಲಿನ ಗುಂಪುಗಳ ಕೂಟಕ್ಕೆ ಹೋಗುವ ಇಂಟರ್‌ಗ್ರೂಪ್ ಪ್ರತಿನಿಧಿ, ಪುಸ್ತಕ ನೋಡಿಕೊಳ್ಳುವವರು, ಚಹಾ ನೋಡಿಕೊಳ್ಳುವವರು. ಇವು ಕೆಲಸದ ಹೆಸರುಗಳು, ಅಷ್ಟೇ.

ವಿಸಿಟಿಂಗ್ ಕಾರ್ಡಿನಲ್ಲಿ, ಮದುವೆ ಕಾಗದದಲ್ಲಿ, ಎಲ್ಲೂ ಈ ಕೆಲಸದ ಹೆಸರು ಹಾಕಿಸಕೂಡದು. ವರ್ಷ ಮುಗಿಸಿದ ಸೆಕ್ರೆಟರಿಗೆ ಶಾಲು, ಹಾರ, ಹಣ್ಣಿನ ಬುಟ್ಟಿ ಕೊಡಕೂಡದು. ಗುಂಪಿನ ದುಡ್ಡಲ್ಲಂತೂ ಬೇಡವೇ ಬೇಡ, ಸ್ವಂತ ದುಡ್ಡಲ್ಲೂ ಬೇಡ. ಹೊಸಬರ ಕೈ ಹಿಡಿದು ನಡೆಸುವ ಹಳಬರನ್ನು ಸ್ಪಾನ್ಸರ್ ಎನ್ನುತ್ತೇವೆ. ಸ್ಪಾನ್ಸರ್‌ಗೆ ‘ಗುರುಗಳೇ’ ಎನ್ನಬೇಡಿ, ಕಾಲಿಗೆ ಬೀಳಬೇಡಿ. ಅಣ್ಣ, ಅಕ್ಕ ಎಂದರೆ ಸಾಕು. ಸ್ಪಾನ್ಸರ್ ಆದವರೂ ಕಾಲು ಹಿಂದಕ್ಕೆ ಎಳೆದುಕೊಳ್ಳಬೇಕು. ಕೆಲವರು ಎಳೆದುಕೊಳ್ಳುವುದಿಲ್ಲ, ಆಶೀರ್ವಾದಕ್ಕೆ ಕೈ ಎತ್ತುತ್ತಾರೆ.

ಹಿರಿಯರ ಮಾತಿಗೆ ಬೆಲೆ ಇಲ್ಲವೇ ಎಂದು ಕೇಳುವವರಿದ್ದಾರೆ. ಇದೆ. ಆದರೆ ಎ.ಎ.ಯ ಹನ್ನೆರಡು ಸಂಪ್ರದಾಯಗಳಲ್ಲಿ (ಟ್ರೆಡಿಷನ್ಸ್) ಎರಡನೆಯದರ ಪ್ರಕಾರ ಗುಂಪಿನ ಒಟ್ಟು ಅಂತರಂಗವೇ ಕೊನೆಯ ಮಾತು. ಸೇವೆ ಮಾಡುವವರು ನಂಬಿಕೆಯ ಸೇವಕರು, ಆಳುವವರಲ್ಲ. ಇದು ಮೊದಲು ಬಿಸಿ ಮುಟ್ಟಿಸಿದ್ದು ಎ.ಎ. ಶುರುಮಾಡಿದ ಇಬ್ಬರಲ್ಲಿ ಒಬ್ಬರಾದ ಬಿಲ್ ಡಬ್ಲ್ಯು ಅವರಿಗೇ. ಎ.ಎ. ಇನ್ನೂ ಎಳೆಯದಾಗಿದ್ದ ಕಾಲ. ಬಿಲ್ ಬಳಿ ದುಡ್ಡಿರಲಿಲ್ಲ, ಹೆಂಡತಿ ಲೋಯಿಸ್ ಅಂಗಡಿಯಲ್ಲಿ ದುಡಿದು ಮನೆ ನಡೆಸುತ್ತಿದ್ದರು. ಬಿಲ್ ಸ್ವತಃ ಚಿಕಿತ್ಸೆ ಪಡೆದಿದ್ದ ನ್ಯೂಯಾರ್ಕಿನ ಟೌನ್ಸ್ ಆಸ್ಪತ್ರೆಯ ಮಾಲೀಕ ಚಾರ್ಲ್ಸ್ ಟೌನ್ಸ್, ಇಲ್ಲೇ ಬಂದು ಕುಡುಕರನ್ನು ನೋಡಿಕೋ, ಲಾಭದಲ್ಲಿ ಪಾಲು ಕೊಡುತ್ತೇನೆ ಎಂದರು. ಬಿಲ್ ಕುಣಿಯುತ್ತ ಬ್ರೂಕ್ಲಿನ್‌ನ ಕ್ಲಿಂಟನ್ ಸ್ಟ್ರೀಟ್ ಮನೆಗೆ ಬಂದರು. ಅವತ್ತು ಸಂಜೆ ಅಲ್ಲೇ ಮೀಟಿಂಗು. ಸುದ್ದಿ ಕೇಳಿದವರ ಮುಖ ಬಾಡಿತು. ಇದನ್ನು ಕಸುಬು ಮಾಡಿಕೊಂಡರೆ ನಾವು ಉಳಿಯುವುದಿಲ್ಲ ಎಂದು ಅವರು ಅಲ್ಲೇ ಹೇಳಿದರು. ಬಿಲ್ ಆ ಕೆಲಸ ಒಪ್ಪಿಕೊಳ್ಳಲಿಲ್ಲ. ಅವರಿಂದಲೇ ಕುಡಿತ ಬಿಟ್ಟವರು, ಅವರದೇ ಮನೆಯಲ್ಲಿ ಕೂತು, ಅವರಿಗೇ ಬೇಡ ಎಂದರು. ಗುಂಪಿಗೆ ನಾನೇ ಜಾಗ ಹುಡುಕಿಕೊಟ್ಟೆ, ಹತ್ತು ವರ್ಷ ಕಸ ಗುಡಿಸಿದೆ ಎನ್ನುವವರು ಈ ಸಂಗತಿಯನ್ನು ನೆನಪಿಡಬೇಕು.

ಸರದಿ

ನಮ್ಮ ಗುಂಪಿನಲ್ಲಿ ಸೆಕ್ರೆಟರಿ, ಖಜಾಂಚಿ ಕೆಲಸ ಒಂದು ವರ್ಷ. ಚಹಾ, ಕುರ್ಚಿ, ಪುಸ್ತಕ ಆರು ತಿಂಗಳು. ಜಿ.ಎಸ್.ಆರ್. ಮತ್ತು ಇಂಟರ್‌ಗ್ರೂಪ್ ಪ್ರತಿನಿಧಿ ಎರಡು ವರ್ಷ. ಅವಧಿ ಮುಗಿದ ದಿನ ಕೆಲಸ ಮುಗಿಯಿತು. ‘ಇನ್ನಾರು ತಿಂಗಳು ಇವರೇ ಇರಲಿ, ಚೆನ್ನಾಗಿ ಮಾಡುತ್ತಿದ್ದಾರೆ’ ಎಂಬ ಮಾತನ್ನು ಎತ್ತಬೇಡಿ. ಬಿಟ್ಟುಕೊಡಬೇಕಾದ್ದು ಚೆನ್ನಾಗಿ ಮಾಡುವವರೇ. ಕೆಟ್ಟದಾಗಿ ಮಾಡುವವರನ್ನು ಬಿಡಿಸುವುದಕ್ಕೆ ಯಾರಿಗೂ ಕಷ್ಟವಿಲ್ಲ.

ಕೆಲಸಕ್ಕೆ ಜನ ಸಿಗುವುದಿಲ್ಲ ಎಂಬ ನೆಪ ಪ್ರತಿ ವರ್ಷ ಬರುತ್ತದೆ. ಜನ ಸಿಗದಿದ್ದರೆ ಕೆಲಸ ಖಾಲಿ ಇರಲಿ. ಎರಡು ವಾರ ಚಹಾ ಇಲ್ಲದಿದ್ದರೆ ಮೂರನೇ ವಾರ ಯಾರಾದರೂ ಸ್ಟೌವ್ ಹಚ್ಚುತ್ತಾರೆ. ಒಬ್ಬರೇ ಮೂರು ಕೆಲಸ ಹೊತ್ತುಕೊಳ್ಳುವುದು ತ್ಯಾಗವಲ್ಲ. ಹಾಗೆ ಹೊತ್ತುಕೊಂಡವರು ಒಂದು ದಿನ ‘ನಾನಿಲ್ಲದಿದ್ದರೆ’ ಎಂದು ಬಾಯಿ ತೆರೆಯುತ್ತಾರೆ, ಆಮೇಲೆ ಅವರನ್ನೂ ಗುಂಪನ್ನೂ ಸಂಭಾಳಿಸುವುದು ಕಷ್ಟ.

ಚಹಾ, ಕುರ್ಚಿ, ಬಾಗಿಲಲ್ಲಿ ನಿಂತು ಬರಮಾಡಿಕೊಳ್ಳುವುದು: ಇವಕ್ಕೆ ಇಷ್ಟು ದಿನ ಕುಡಿಯದೆ ಇರಬೇಕೆಂಬ ಲೆಕ್ಕ ಇಲ್ಲ. ನೆನ್ನೆ ಬಂದವರಿಗೂ ಕೊಡಿ, ಅವರಿಗೇ ಮೊದಲು ಕೊಡಿ. ಕೈ ನಡುಗುತ್ತಿದ್ದರೆ ಲೋಟ ಅರ್ಧ ತುಂಬಿಸಿದರಾಯಿತು. ಸೆಕ್ರೆಟರಿಗೆ, ಖಜಾಂಚಿಗೆ ಕನಿಷ್ಠ ಒಂದು ವರ್ಷದ ಸೋಬರಿಟಿ ಬೇಕು, ಜಿ.ಎಸ್.ಆರ್.ಗೆ ಎರಡು ವರ್ಷ.

ಬಿಟ್ಟುಕೊಡುವಾಗ ಹೊಸಬರ ಜೊತೆ ಒಂದು ತಿಂಗಳು ಇದ್ದು ತೋರಿಸಿಕೊಡಿ. ಬೀಗದ ಕೈ ಎರಡು ಜೊತೆ, ಲೆಕ್ಕದ ಪುಸ್ತಕ, ಪುಸ್ತಕಗಳ ದಾಸ್ತಾನು ಪಟ್ಟಿ, ಹಾಲ್ ಕೊಟ್ಟವರ ಫೋನ್ ನಂಬರು, ಸಿಲಿಂಡರಿನ ರಸೀದಿ, ಎಲ್ಲ ಕೈಗೊಪ್ಪಿಸಿ. ಮಾರನೆಯ ತಿಂಗಳಿಂದ ಹಿಂದಿನ ಸಾಲಿನಲ್ಲಿ ಕೂರಿ. ಹೊಸ ಸೆಕ್ರೆಟರಿ ಕುರ್ಚಿಯನ್ನು ವೃತ್ತಾಕಾರ ಹಾಕಿದರೆ, ‘ನಮ್ಮ ಕಾಲದಲ್ಲಿ ಸಾಲಾಗಿ ಹಾಕುತ್ತಿದ್ದೆವು’ ಎಂದು ಗೊಣಗಬೇಡಿ. ಕೇಳಿದರೆ ಹೇಳಿ.

ಸಣ್ಣ ಗುಂಪಿಗೆ ಇಷ್ಟೆಲ್ಲ ಯಾಕೆ ಎನಿಸಬಹುದು. ಎ.ಎ. ಶುರುಮಾಡಿದವರೇ ಬಿಟ್ಟುಕೊಟ್ಟಿದ್ದಾರೆ. ಬಿಲ್ ಜೊತೆ ಶುರುಮಾಡಿದ ಡಾ. ಬಾಬ್ 1950ರ ನವೆಂಬರಿನಲ್ಲಿ ತೀರಿಕೊಂಡರು. ಮರುವರ್ಷ ಏಪ್ರಿಲ್‌ನಲ್ಲಿ ಗುಂಪುಗಳ ಪ್ರತಿನಿಧಿಗಳ ಮೊದಲ ಜನರಲ್ ಸರ್ವೀಸ್ ಕಾನ್ಫರೆನ್ಸ್ ಸೇರಿತು. 1955ರಲ್ಲಿ ಸೇಂಟ್ ಲೂಯಿಸ್ ಸಮ್ಮೇಳನದಲ್ಲಿ ಬಿಲ್ ಎಲ್ಲರ ಎದುರು ಹೊಣೆಯನ್ನು ಆ ಕಾನ್ಫರೆನ್ಸಿಗೆ ವಹಿಸಿದರು. ಆಮೇಲೆ ಅವರು ಬದುಕಿದ್ದು 1971ರ ಜನವರಿವರೆಗೆ. ಅಷ್ಟು ವರ್ಷ ಮಾಜಿಯಾಗಿಯೇ ಇದ್ದರು, ಬರೆದರು, ಸಲಹೆ ಕೊಟ್ಟರು, ಕೆಲವು ಸಲ ತಮ್ಮ ಮಾತು ನಡೆಯದಿದ್ದದ್ದನ್ನೂ ನೋಡಿದರು.

ಮೀಟಿಂಗ್ ನಡೆಸುವವರಿಗೆ

ಹೇಳಿದ ಹೊತ್ತಿಗೆ ಶುರು ಮಾಡಿ, ಹೇಳಿದ ಹೊತ್ತಿಗೆ ಮುಗಿಸಿ. ಕೊನೆಯ ಬಸ್ಸು ಹಿಡಿಯಬೇಕಾದವರು ಇರುತ್ತಾರೆ. ಓಪನ್ ಮೀಟಿಂಗೋ ಕ್ಲೋಸ್ಡ್ ಮೀಟಿಂಗೋ ಮೊದಲೇ ಹೇಳಿ. ಮನೆಯವರು, ವಿದ್ಯಾರ್ಥಿಗಳು, ನೋಡಲು ಬಂದವರು ಓಪನ್ ಮೀಟಿಂಗಿಗೆ ಮಾತ್ರ.

ಒಬ್ಬರು ಶೇರಿಂಗ್ ಮಾಡಿದ ಮೇಲೆ ಅದಕ್ಕೆ ಷರಾ ಬರೆಯುವವರಂತೆ ನಡುವೆ ಮಾತು ಸೇರಿಸಬೇಡಿ. ‘ಇವರು ಹೇಳಿದ್ದರ ಸಾರಾಂಶವೇನೆಂದರೆ’ ಎಂದು ಶುರುಮಾಡುವ ಚೇರ್‌ಪರ್ಸನ್‌ಗಳು ನಮ್ಮಲ್ಲಿ ಇದ್ದಾರೆ, ಅವರಿಗೇ ಗೊತ್ತು. ಹತ್ತು ನಿಮಿಷ ಮೀರಿದವರಿಗೆ ಗಂಟೆ ಬಾರಿಸಿ. ಹಿರಿಯರಿಗೂ ಬಾರಿಸಿ.

ಕುಡಿದು ಬಂದವರನ್ನು ಹೊರಗೆ ಕಳಿಸಬೇಡಿ. ಕೂರಿಸಿ, ಚಹಾ ಕೊಡಿ, ಇವತ್ತು ಕೇಳಿಸಿಕೊಳ್ಳಿ, ಮಾತು ಮುಂದಿನ ವಾರ ಎಂದು ಮೆಲ್ಲಗೆ ಹೇಳಿ. ಪಕ್ಕದಲ್ಲಿ ಗಟ್ಟಿಮುಟ್ಟಾದ ಒಬ್ಬರು ಕೂರಲಿ. ಗಲಾಟೆ, ಹೊಡೆದಾಟ, ಹೆಂಗಸರ ಮೇಲೆ ಕೈ, ಇಂಥದ್ದಕ್ಕೆ ಬೇರೆ ಲೆಕ್ಕ: ಆ ದಿನ ಹೊರಗೆ ಹೋಗಲೇಬೇಕು. ಬೇಕಾದರೆ ಪೊಲೀಸರನ್ನು ಕರೆಯಿರಿ. ಅನಾಮಿಕತೆ ಇರುವುದು ಅಪರಾಧ ಮುಚ್ಚಿಡಲಿಕ್ಕಲ್ಲ. ಯಾವ ಸಂಪ್ರದಾಯವೂ ಪೊಲೀಸರನ್ನು ಕರೆಯಬೇಡಿ ಎಂದು ಹೇಳಿಲ್ಲ.

ಮಾತಿನ ನಡುವೆ ಪಕ್ಷ, ಚುನಾವಣೆ, ಮಠ, ಮಸೀದಿ, ಚರ್ಚು ಬಂದರೆ ನಿಲ್ಲಿಸಿ. ಗುಂಪಿನ ವಾರ್ಷಿಕಕ್ಕೆ ಪೂಜೆ ಇಡಬೇಡಿ, ಗೋಡೆಗೆ ಯಾವ ದೇವರ ಪಟವನ್ನೂ ಹಾಕಬೇಡಿ. ಹಾಲ್ ಕೊಟ್ಟವರು ಈಗಾಗಲೇ ಹಾಕಿರುವ ಪಟವಿದ್ದರೆ ಅದನ್ನು ಮುಟ್ಟಲೂ ಬೇಡಿ. ಹೈಯರ್ ಪವರ್ ಎನ್ನುವುದು ಅವರವರು ಅರಿತಂತೆ.

ದುಡ್ಡು

ಈ ಭಾಗವನ್ನು ಎರಡು ಸಲ ಓದಿ. ಗುಂಪುಗಳು ಒಡೆಯುವುದು ಹೆಚ್ಚಾಗಿ ಇಲ್ಲೇ.

ಮೀಟಿಂಗಿನಲ್ಲಿ ಕಾಣಿಕೆ ಡಬ್ಬಿ ಸುತ್ತು ಬಂದ ಮೇಲೆ ಇಬ್ಬರು ಕೂತು ಎಣಿಸಬೇಕು. ಖಜಾಂಚಿ ಒಬ್ಬರೇ ಎಣಿಸಕೂಡದು, ಮನೆಗೆ ಒಯ್ದು ಎಣಿಸುವುದಂತೂ ಕೂಡದೇ ಕೂಡದು. ಎಣಿಸಿದ್ದನ್ನು ಅಲ್ಲೇ ಪುಸ್ತಕಕ್ಕೆ ಏರಿಸಿ ಇಬ್ಬರೂ ಗುರುತು ಹಾಕಿ. ಪುಸ್ತಕದಲ್ಲಿ ಐದು ಕಲಂ ಸಾಕು: ತಾರೀಕು, ಬಂದವರ ತಲೆ ಎಣಿಕೆ, ಡಬ್ಬಿಯಲ್ಲಿ ಬಿದ್ದದ್ದು, ಖರ್ಚು, ಉಳಿಕೆ. ತಲೆ ಎಣಿಕೆ ಮಾತ್ರ. ಬಂದವರ ಹೆಸರು ಬರೆಯುವ ಹಾಜರಿ ಪುಸ್ತಕ ಇಡಬಾರದು. ಖರ್ಚಿಗೆ ಚೀಟಿ ಇರಬೇಕು, ಹಾಲಿನ ಪ್ಯಾಕೆಟ್ಟಿಗೂ. ತಿಂಗಳ ಕೊನೆಗೆ ಲೆಕ್ಕವನ್ನು ಗಟ್ಟಿಯಾಗಿ ಓದಿ ಹೇಳಬೇಕು. ಕೇಳಿದವರಿಗೆಲ್ಲ ಪುಸ್ತಕ ತೋರಿಸಬೇಕು, ‘ನನ್ನ ಮೇಲೆ ನಂಬಿಕೆ ಇಲ್ಲವಾ’ ಎಂದು ಕೋಪ ಮಾಡಿಕೊಳ್ಳುವವರು ಈ ಕೆಲಸಕ್ಕೆ ಬರಬಾರದು.

ಸ್ಕ್ಯಾನರ್ ಇಡೋಣ, ಈಗ ಚಿಲ್ಲರೆ ಯಾರ ಹತ್ತಿರ ಇರುತ್ತದೆ ಎಂಬ ಮಾತು ಬಂದಿತ್ತು. ಬೇಡ ಎಂದು ತೀರ್ಮಾನವಾಗಿದೆ. ಖಜಾಂಚಿಯ ಸ್ವಂತ ಯುಪಿಐ ಸಂಕೇತವನ್ನು ಗೋಡೆಗೆ ಅಂಟಿಸಿದರೆ, ಸ್ಕ್ಯಾನ್ ಮಾಡಿದವರ ಫೋನಿನಲ್ಲಿ ಖಜಾಂಚಿಯ ಬ್ಯಾಂಕ್ ಖಾತೆಯ ಪೂರ್ತಿ ಹೆಸರು ಮೂಡುತ್ತದೆ. ಹಾಕಿದವರ ಹೆಸರು ಖಜಾಂಚಿಯ ಪಾಸ್‌ಬುಕ್ಕಿಗೆ ಇಳಿಯುತ್ತದೆ. ಮೊದಲ ಹೆಸರಲ್ಲಿ ಮಾತ್ರ ಪರಿಚಯವಿದ್ದವರ ಅಪ್ಪನ ಹೆಸರು, ಮನೆತನದ ಹೆಸರು ಎಲ್ಲ ಬಯಲು. ಮೇಲಾಗಿ ಗುಂಪಿನ ದುಡ್ಡು, ಖಜಾಂಚಿಯ ಸಂಬಳ, ಕೈಗಡ ಎಲ್ಲ ಒಂದೇ ಖಾತೆಯಲ್ಲಿ ಕಲೆತು ಯಾವುದು ಯಾರದೆಂದು ಬೇರ್ಪಡಿಸಲಾಗದು. ಚಿಲ್ಲರೆ ಇಲ್ಲದವರು ಮುಂದಿನ ವಾರ ಹಾಕಲಿ. ಹಾಕದಿದ್ದರೂ ಯಾರೂ ಕೇಳಬಾರದು. ಮೊದಲ ಸಲ ಬಂದವರ ಮುಂದೆ ಡಬ್ಬಿ ಹಿಡಿಯಬೇಡಿ.

ಗುಂಪಿನ ದುಡ್ಡನ್ನು ಯಾರಿಗೂ ಸಾಲ ಕೊಡಬೇಡಿ. ಆಸ್ಪತ್ರೆ ಖರ್ಚು, ಮಗಳ ಫೀಸು, ಬಸ್ ಚಾರ್ಜು ಎಂದು ಕೇಳಿದರೂ ಡಬ್ಬಿಯಿಂದ ಒಂದು ರೂಪಾಯಿ ಹೋಗಕೂಡದು. ಯಾರಿಗಾದರೂ ಮನಸ್ಸು ಕರಗಿದರೆ ಅವರವರ ಜೇಬಿನಿಂದ ಕೊಡಲಿ, ಗುಂಪಿಗೆ ಅದು ಸಂಬಂಧವಿಲ್ಲ.

ಹೊರಗಿನವರ ದೇಣಿಗೆ ಬೇಡ, ನಯವಾಗಿ ಬೇಡ ಎನ್ನಿ. ಶಾಸಕರು ಕುರ್ಚಿ ಕೊಡಿಸುತ್ತೇನೆಂದು ಬಂದರೆ ಆ ಕುರ್ಚಿಯ ಬೆನ್ನ ಮೇಲೆ ಅವರ ಹೆಸರಿರುತ್ತದೆ, ಮುಂದಿನ ಚುನಾವಣೆವರೆಗೆ ನಾವು ಆ ಹೆಸರಿಗೆ ಒರಗಿಕೊಂಡೇ ಕೂರಬೇಕು. ಜವಳಿ ಅಂಗಡಿಯವರ ಗೋಡೆ ಗಡಿಯಾರವೂ ಬೇಡ. ಹಾಲ್ ಕೊಟ್ಟ ಶಾಲೆಯವರೋ ಚರ್ಚಿನವರೋ ಬಾಡಿಗೆ ಬೇಡ ಎಂದರೂ ಏನಾದರೂ ಒಂದು ಮೊತ್ತ ತಪ್ಪದೆ ಕೊಡಿ. 1938ರಲ್ಲಿ ಬಿಲ್ ಮತ್ತು ಸಂಗಡಿಗರು ಅಮೆರಿಕದ ಸಿರಿವಂತ ಜಾನ್ ಡಿ. ರಾಕ್‌ಫೆಲರ್ ಜೂನಿಯರ್ ಬಳಿ ದೊಡ್ಡ ದುಡ್ಡು ಸಿಕ್ಕೀತೆಂದು ಹೋಗಿದ್ದರು. ಅವರು 5,000 ಡಾಲರ್ ಮಾತ್ರ ಕೊಟ್ಟರು, ಹೆಚ್ಚು ದುಡ್ಡು ಇದನ್ನು ಕೆಡಿಸುತ್ತದೆ ಎಂದು ಕೈ ತಡೆದರು. ಅಷ್ಟು ದುಡ್ಡಿದ್ದವರು ಹೇಳಿದ ಮಾತು, ನಮ್ಮಲ್ಲಿ ಕೆಲವರಿಗೆ ಇನ್ನೂ ಒಪ್ಪಿಗೆಯಾಗಿಲ್ಲ. ಅಮೆರಿಕದ ಎ.ಎ. ಮುಂದೆ 10,000 ಡಾಲರಿನ ಒಂದು ಮರಣಶಾಸನದ ದಾನವನ್ನೂ ಬೇಡ ಎಂದಿತು. ಹೊರಗಿನ ದೇಣಿಗೆ ಬೇಡ ಎನ್ನುವ ಏಳನೇ ಸಂಪ್ರದಾಯ ಗಟ್ಟಿಯಾದದ್ದು ಆಗ.

ಕೂಡಿಡುವುದೂ ಅತಿಯಾಗಬಾರದು. ಮೂರು ತಿಂಗಳ ಬಾಡಿಗೆ, ಚಹಾ, ಪುಸ್ತಕದ ಖರ್ಚಿಗೆ ಆಗುವಷ್ಟು ಇಟ್ಟುಕೊಂಡು ಮಿಕ್ಕದ್ದನ್ನು ಇಂಟರ್‌ಗ್ರೂಪಿಗೆ, ಮುಂಬೈಯ ಜನರಲ್ ಸರ್ವೀಸ್ ಆಫೀಸಿಗೆ ಕಳಿಸಿ. ಡಬ್ಬಿ ತುಂಬಿದ ಗುಂಪಿನಲ್ಲಿ ಮೊದಲು ಟ್ರಿಪ್ಪಿನ ಮಾತು, ಆಮೇಲೆ ಸೈಟಿನ ಮಾತು, ಆಮೇಲೆ ಕೋರ್ಟಿನ ಮಾತು.

ಖಜಾಂಚಿ ಮತ್ತೆ ಕುಡಿದರೆ ಅಂದೇ ಲೆಕ್ಕ ಬೇರೆಯವರಿಗೆ ಹೋಗಬೇಕು. ಅವರ ಮನೆಗೆ ಇಬ್ಬರು ಹೋಗಿ, ಮೊದಲು ಹೇಗಿದ್ದೀರಿ ಎಂದು ಕೇಳಿ, ಆಮೇಲೆ ಪುಸ್ತಕ, ಡಬ್ಬಿ ತನ್ನಿ. ದುಡ್ಡು ಕಮ್ಮಿ ಬಂದರೆ ಮೀಟಿಂಗಿನಲ್ಲಿ ಅವರ ಹೆಸರು ಹಿಡಿದು ಮಾತಾಡಬೇಡಿ. ಬಿಸಿನೆಸ್ ಮೀಟಿಂಗಿನಲ್ಲಿ ಮೊತ್ತ ಮಾತ್ರ ಹೇಳಿ.

ಹೆಸರು, ಫೋಟೊ, ವಾಟ್ಸ್‌ಆ್ಯಪ್

ಪ್ರಚಾರದಲ್ಲಿ ಸದಸ್ಯರ ಹೆಸರು ಬೇಡ ಎನ್ನುವ ಹನ್ನೊಂದನೇ ಸಂಪ್ರದಾಯ ಬರೆದಾಗ ಇದ್ದದ್ದು ಪತ್ರಿಕೆ, ರೇಡಿಯೊ, ಸಿನಿಮಾ. ಈಗ ಪ್ರತಿಯೊಬ್ಬರ ಜೇಬಲ್ಲೂ ಅವು ಮೂರೂ ಇವೆ.

ವಾಟ್ಸ್‌ಆ್ಯಪ್ ಗುಂಪಿನ ಹೆಸರಲ್ಲಿ ಎ.ಎ. ಎಂದಾಗಲಿ, ಮದ್ಯ, ಕುಡಿತ ಎಂದಾಗಲಿ ಇರಬಾರದು. ಆಫೀಸಿನಲ್ಲಿ ಟೇಬಲ್ ಮೇಲಿಟ್ಟ ಫೋನು ಬೆಳಗಿದರೆ ಪಕ್ಕದವರು ಓದುತ್ತಾರೆ. ಹೊಸಬರನ್ನು ಅವರನ್ನು ಕೇಳದೆ ಸೇರಿಸಬೇಡಿ. ಸೇರಿಸಿದ ಮೇಲೆ ‘ಇಂಥವರಿಗೆ ಸ್ವಾಗತ’ ಎಂದು ಹೆಸರು ಹಾಕಬೇಡಿ. ಗುಡ್ ಮಾರ್ನಿಂಗ್ ಹೂವು, ದೇವರ ಫೋಟೊ, ಚುನಾವಣೆ ವಿಡಿಯೊ ಬೇಡ. ಯಾರಾದರೂ ಸ್ಲಿಪ್ ಆದ, ಅಂದರೆ ಮತ್ತೆ ಕುಡಿದ, ಸುದ್ದಿಯನ್ನು ಅಲ್ಲಿ ಹಾಕಿದವರನ್ನು ಅಡ್ಮಿನ್ ಕೂಡಲೇ ತೆಗೆಯಬೇಕು. ಇದರಲ್ಲಿ ಎರಡನೇ ಅವಕಾಶವಿಲ್ಲ.

ಎ.ಎ. ಬರ್ತ್‌ಡೇ ದಿನ, ಅಂದರೆ ಕುಡಿತ ಬಿಟ್ಟು ವರ್ಷ ತುಂಬಿದ ದಿನ, ಕೇಕು ಕೊಯ್ಯಿರಿ, ಚಪ್ಪಾಳೆ ತಟ್ಟಿ, ಹೆಂಡತಿ ಮಕ್ಕಳು ಬಂದರೆ ಮುಂದಿನ ಸಾಲು ಬಿಟ್ಟುಕೊಡಿ. ಫೋಟೊ ಬೇಡ. ‘ಕೇಕಿನದು ಮಾತ್ರ ತೆಗೀತೀನಿ’ ಎಂದು ತೆಗೆದ ಫೋಟೊದಲ್ಲಿ ಹಿಂದೆ ಕೂತ ನಾಲ್ಕು ಜನರ ಮುಖ ಇತ್ತು, ಅದರಲ್ಲೊಬ್ಬರಿಗೆ ಮಾರನೇ ದಿನ ಡಿಪೋದಲ್ಲಿ ಮೇಲಧಿಕಾರಿ ಎದುರು ನಿಲ್ಲಬೇಕಾಯಿತು. ನಿಮ್ಮ ಸ್ವಂತ ಕತೆಯನ್ನು ನಿಮ್ಮ ಮನೆಯವರಿಗೆ, ಡಾಕ್ಟರಿಗೆ, ಸ್ನೇಹಿತರಿಗೆ ಹೇಳಿಕೊಳ್ಳಿ, ಅದು ನಿಮ್ಮ ಇಷ್ಟ. ಪತ್ರಿಕೆ, ಟಿ.ವಿ., ಯೂಟ್ಯೂಬಿನಲ್ಲಿ ಎ.ಎ. ಸದಸ್ಯ ಎಂದು ಮುಖ, ಹೆಸರು ತೋರಿಸಬೇಡಿ.

ಬೀದಿಯಲ್ಲಿ ಸದಸ್ಯರು ಸಿಕ್ಕರೆ, ಜೊತೆಯಲ್ಲಿ ಬೇರೆಯವರಿದ್ದರೆ, ಅವರು ಮಾತಾಡಿಸುವ ತನಕ ಮಾತಾಡಿಸಬೇಡಿ.

ಹೊಸಬರು

ಬಂದವರಿಗೆ ಕೇಳಬೇಕಾದ್ದು ಎರಡೇ: ಏನೆಂದು ಕರೆಯಲಿ, ಚಹಾ ತಗೋತೀರಾ. ಯಾವ ಊರು, ಏನು ಕೆಲಸ, ಯಾರ ಮಗ, ಯಾವ ಪೈಕಿ ಎಂದು ಕೇಳಕೂಡದು. ಯಾವ ಪೈಕಿ ಎಂದು ಬಾಯಿಬಿಟ್ಟು ಕೇಳುವವರು ಈಗ ಕಡಿಮೆ. ಊರು, ಬೀದಿ, ಮನೆದೇವರು ಕೇಳಿ ಅದೇ ಜಾಗಕ್ಕೆ ಬರುವ ಜಾಣರು ಕಡಿಮೆಯಾಗಿಲ್ಲ. ಅದೂ ಬೇಡ.

ಹೆಂಗಸರು ಬಂದರೆ ಅವರ ಫೋನ್ ನಂಬರು ಹೆಂಗಸರೇ ತಗೊಳ್ಳಬೇಕು, ಹೆಂಗಸರೇ ಸ್ಪಾನ್ಸರ್ ಆಗಬೇಕು. ನಮ್ಮ ಗುಂಪಿನಲ್ಲಿ ಸಿಗದಿದ್ದರೆ ಇಂಟರ್‌ಗ್ರೂಪಿನಿಂದ ಬೇರೆ ಗುಂಪಿನವರ ನಂಬರು ಕೊಡಿಸಿ. ರಾತ್ರಿ ಮನೆಗೆ ಬಿಡುತ್ತೇನೆಂದು ಗಂಡಸರು ಗಾಡಿ ತೆಗೆಯಬೇಡಿ. ಕುಡಿತ ಬಿಟ್ಟ ಮೊದಲ ತಿಂಗಳುಗಳಲ್ಲಿ ಮನಸ್ಸು ಯಾವುದನ್ನಾದರೂ ಹಿಡಿದುಕೊಳ್ಳಲು ನೋಡುತ್ತಿರುತ್ತದೆ. ಅದನ್ನು ಬಳಸಿಕೊಳ್ಳಲು ನೋಡಿದವರು, ಎಷ್ಟೇ ವರ್ಷದ ಹಳಬರಾಗಿರಲಿ, ಸೇವೆಯಿಂದ ಆ ಕ್ಷಣವೇ ಕೆಳಗೆ.

ಯಾರ ಮಾತ್ರೆಯನ್ನೂ ಬಿಡಿಸಬೇಡಿ. ಕುಡಿತ ಬಿಡಲು ಕೊಟ್ಟ ಡೈಸಲ್ಫಿರಾಮ್ ಆಗಲಿ, ಖಿನ್ನತೆಗೆ ಕೊಟ್ಟದ್ದಾಗಲಿ, ಫಿಟ್ಸಿಗೆ ಕೊಟ್ಟದ್ದಾಗಲಿ, ಅದು ಅವರ ಮತ್ತು ಡಾಕ್ಟರ ನಡುವಿನ ಮಾತು. ‘ನಾನು ಮಾತ್ರೆ ಇಲ್ಲದೆ ಬಿಟ್ಟೆ, ನೀನೂ ಬಿಡು’ ಎನ್ನುವ ಸ್ಪಾನ್ಸರ್ ಇದ್ದರೆ ಸೆಕ್ರೆಟರಿಗೆ ತಿಳಿಸಿ.

ಕರೆ ಬಂದಾಗ

ಕುಡಿತದಿಂದ ಕಷ್ಟದಲ್ಲಿರುವವರೋ ಅವರ ಮನೆಯವರೋ ಸಹಾಯಕ್ಕೆ ಕರೆದರೆ ಅವರ ಮನೆಗೆ ಇಬ್ಬರು ಹೋಗಿ, ಒಬ್ಬರೇ ಹೋಗಬೇಡಿ. ಒಬ್ಬರು ಹಳಬರಾಗಿರಲಿ. ಹೊರಡುವ ಮೊದಲು ಸೆಕ್ರೆಟರಿಗೆ ತಿಳಿಸಿ. ದುಡ್ಡು ಕೊಡಬೇಡಿ, ಬಾಟಲಿ ಮುಟ್ಟಬೇಡಿ, ಗಂಡ ಹೆಂಡಿರ ಜಗಳದಲ್ಲಿ ತೀರ್ಪು ಕೊಡಬೇಡಿ, ಯಾರನ್ನೂ ನಿಮ್ಮ ಮನೆಗೆ ಕರೆತಂದು ಮಲಗಿಸಬೇಡಿ. ಕುಡಿದವರಿಗೇ ಮನಸ್ಸಿಲ್ಲದಿದ್ದರೆ ಕರೆ ಮಾಡಿದ ಮನೆಯವರಿಗೆ ಆಲನಾನ್ ಮೀಟಿಂಗಿನ ವಿಳಾಸ ಕೊಟ್ಟು ಬನ್ನಿ. 1951ರಿಂದ ಅದು ಕುಟುಂಬದವರಿಗಾಗಿಯೇ ಬೇರೆಯಾಗಿ ನಡೆಯುತ್ತಿರುವ ಫೆಲೋಶಿಪ್ಪು.

ಇನ್ನೊಂದು, ಪ್ರಾಣದ ಪ್ರಶ್ನೆ. ವರ್ಷಗಟ್ಟಲೆ ದಿನವೂ ಕುಡಿದವರು ಥಟ್ಟನೆ ನಿಲ್ಲಿಸಿದರೆ ಒಂದೆರಡು ದಿನದಲ್ಲಿ ಫಿಟ್ಸ್ ಬರಬಹುದು, ಆಮೇಲೆ ಇಲ್ಲದ್ದು ಕಾಣಿಸಿ, ಇಲ್ಲದ್ದು ಕೇಳಿಸಿ ಜೀವಕ್ಕೇ ಅಪಾಯವಾಗಬಹುದು. ಮೈ ನಡುಕ, ಬೆವರು, ಗಲಿಬಿಲಿ ಕಂಡರೆ ಎ.ಎ.ಯ ಹನ್ನೆರಡು ಹೆಜ್ಜೆ, ಪ್ರಾರ್ಥನೆ ಎಂದು ಕೂರಬೇಡಿ, ಆಸ್ಪತ್ರೆಗೆ ಸೇರಿಸಿ. ಬೆಂಗಳೂರಿನಲ್ಲಿ ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ಕೇಂದ್ರವಿದೆ, ಬೇರೆ ಕಡೆ ಜಿಲ್ಲಾಸ್ಪತ್ರೆಗೆ. ಸೇರಿಸಿದ ಮೇಲೆ ವಾರ್ಡಿಗೆ ಹೋಗಿ ನೋಡಿ ಬನ್ನಿ. ಡಾಕ್ಟರಿಗೆ ಬುದ್ಧಿ ಹೇಳಬೇಡಿ.

ಮತ ಹಾಕುವಾಗ

ಬಿಸಿನೆಸ್ ಮೀಟಿಂಗು ತಿಂಗಳ ಕೊನೆಯ ಶನಿವಾರ, ಮೀಟಿಂಗ್ ಮುಗಿದ ಮೇಲೆ. ಇದನ್ನೇ ಹೋಮ್ ಗ್ರೂಪ್ ಮಾಡಿಕೊಂಡವರಿಗೆ ಮತ. ಬೇರೆ ಗುಂಪಿನಲ್ಲಿ ಮತ ಹಾಕುವವರು ಇಲ್ಲಿ ಕೇಳಿಸಿಕೊಳ್ಳಬಹುದು. ನೆನ್ನೆ ಸೇರಿದವರ ಮತಕ್ಕೂ ಇಪ್ಪತ್ತು ವರ್ಷದವರ ಮತಕ್ಕೂ ಒಂದೇ ತೂಕ.

ಒಂದು ಓಟು ಹೆಚ್ಚಾಯಿತು, ಮುಗಿಯಿತು ಎಂದು ಎದ್ದು ಹೋಗಬೇಡಿ. ಸೋತ ಕಡೆಯವರಿಗೆ ಮತ್ತೊಮ್ಮೆ ಮಾತಾಡುವ ಹಕ್ಕಿದೆ. ಅವರ ಮಾತು ಕೇಳಿ ಗೆದ್ದ ಕಡೆಯ ಒಬ್ಬರಿಗಾದರೂ ಮನಸ್ಸು ಬದಲಾದರೆ, ಅವರು ಹೇಳಿದರೆ, ಮತ್ತೆ ಮತಕ್ಕೆ ಹಾಕಬೇಕು. ಬಿಲ್ ಬರೆದು 1962ರಲ್ಲಿ ಕಾನ್ಫರೆನ್ಸ್ ಒಪ್ಪಿದ ಹನ್ನೆರಡು ಕಾನ್ಸೆಪ್ಟ್‌ಗಳಲ್ಲಿ ಐದನೆಯದು ಇದೇ ಅಲ್ಪಮತದ ಹಕ್ಕು. ಇದನ್ನು ಕಾಲಹರಣ ಎನ್ನುವವರಿಗೆ ಒಂದು ಮಾತು: ಹೋದ ಸಲ ಮೀಟಿಂಗಿನ ಹೊತ್ತು ಬದಲಿಸಲು ಹೊರಟಾಗ, ಕೊನೆಗೆ ಎದ್ದ ಒಬ್ಬ ಅಕ್ಕ ‘ಆ ಹೊತ್ತಿಗೆ ನನಗೆ ಬಸ್ಸಿಲ್ಲ’ ಎಂದಷ್ಟೇ ಹೇಳಿ ಕೂತರು. ಮತ್ತೆ ಕೈ ಎತ್ತಿಸಿದಾಗ ಹಳೆಯ ಹೊತ್ತೇ ಉಳಿಯಿತು.

ಜಿ.ಎಸ್.ಆರ್. ಆಯ್ಕೆಗೆ ಚೀಟಿ ಬರೆದು ಮತ. ಮೂರರಲ್ಲಿ ಎರಡು ಪಾಲು ಬಂದವರು ಗೆದ್ದಂತೆ. ಬಾರದಿದ್ದರೆ ಮತ್ತೆ ಮತ. ಮತ ಕಡಿಮೆ ಬಂದವರು ಒಬ್ಬೊಬ್ಬರಾಗಿ ಹಿಂದೆ ಸರಿಯುತ್ತಾರೆ. ಕೊನೆಗೂ ತೀರ್ಮಾನವಾಗದಿದ್ದರೆ ಉಳಿದವರ ಹೆಸರು ಟೋಪಿಯೊಳಗೆ ಹಾಕಿ ಚೀಟಿ ಎತ್ತುವುದು. ಎ.ಎ.ಯ ದೊಡ್ಡ ಮಟ್ಟದ ಚುನಾವಣೆಗಳಲ್ಲಿ ಥರ್ಡ್ ಲೆಗಸಿ ಪದ್ಧತಿ ಎಂದು ಬಳಸುವುದು ಇದನ್ನೇ. ಗುಂಪಿಗೆ ಕಡ್ಡಾಯವಲ್ಲ, ನಾವು ಬೇಕೆಂದೇ ಇಟ್ಟುಕೊಂಡಿದ್ದೇವೆ. ಚೀಟಿಯಿಂದ ಬಂದವರ ಹಿಂದೆ ಬಣ ಕಟ್ಟಲು ಯಾರಿಗೂ ಕಾರಣ ಉಳಿಯುವುದಿಲ್ಲ. ಮುಂಚಿತವಾಗಿ ಫೋನು ಮಾಡಿ ಓಟು ಕೇಳಬೇಡಿ. ಕೇಳಿದ್ದು ಗೊತ್ತಾದರೆ ಅವರ ಹೆಸರು ಚೀಟಿಯಲ್ಲಿ ಇರುವುದಿಲ್ಲ.

ಜಿ.ಎಸ್.ಆರ್. ಆದವರಿಗೆ

ಗುಂಪಿನ ಅಭಿಪ್ರಾಯ ಕೇಳಿಕೊಂಡು ಎ.ಎ. ಪ್ರತಿನಿಧಿಗಳ ಸಭೆಗೆ ಹೋಗಿ. ಆದರೆ ಅಲ್ಲಿ ಹೊಸ ಸಂಗತಿ ತಿಳಿದರೆ, ಗುಂಪು ಹೇಳಿದ್ದಕ್ಕಿಂತ ಬೇರೆಯಾಗಿ ಮತ ಹಾಕುವ ಅಧಿಕಾರ ನಿಮಗಿದೆ. ಮೂರನೇ ಕಾನ್ಸೆಪ್ಟ್ ಕೊಟ್ಟ ತೀರ್ಮಾನದ ಹಕ್ಕು ಅದು. ಗುಂಪು ನಿಮ್ಮನ್ನು ಕಳಿಸಿದ್ದು ನಂಬಿ. ಬಾಯಿಪಾಠ ಒಪ್ಪಿಸಲಿಕ್ಕೆ ಅಲ್ಲ. ವಾಪಸು ಬಂದ ಮೇಲೆ ಏನು ಮತ ಹಾಕಿದಿರಿ, ಯಾಕೆ ಎಂದು ಎಲ್ಲರಿಗೂ ಹೇಳಬೇಕು. ಇದನ್ನು ಮುಚ್ಚಿಟ್ಟರೆ ಹಕ್ಕು ಹೋಯಿತು. ಗುಂಪಿನವರೂ ‘ನಾವು ಹೇಳಿದ್ದನ್ನು ಹೇಳಲಿಲ್ಲ’ ಎಂದು ಮೈಮೇಲೆ ಬೀಳಬೇಡಿ, ಕಾರಣ ಕೇಳಿ. ಕಾರಣ ಸರಿಯಿಲ್ಲವೆನಿಸಿದರೆ ಮುಂದಿನ ಅವಧಿಗೆ ಬೇರೆಯವರನ್ನು ಆರಿಸಿ.

ಖರ್ಚಿಗೆ ಗುಂಪಿನಿಂದ ಬಸ್ಸು, ರೈಲಿನ ಸಾಮಾನ್ಯ ದರ್ಜೆಯ ದರ. ಊಟ ನಿಮ್ಮದು. ಎ.ಎ.ಯಲ್ಲಿ ಗುಂಪುಗಳು ಮೇಲೆ, ಟ್ರಸ್ಟಿಗಳ ಬೋರ್ಡು ಮತ್ತು ಜನರಲ್ ಸರ್ವೀಸ್ ಆಫೀಸು ಕೆಳಗೆ. ಅಲ್ಲಿಂದ ಬಂದ ಪತ್ರವನ್ನು ಆದೇಶ ಎಂಬಂತೆ ಓದಿ ಹೇಳಬೇಡಿ. ಅಮೆರಿಕ, ಕೆನಡಾದ ಬೋರ್ಡಿನ 21 ಟ್ರಸ್ಟಿಗಳಲ್ಲಿ 7 ಜನ ಎಂದೂ ಕುಡುಕರಾಗಿರದವರು. ದುಡ್ಡಿನ ಕೆಲಸಕ್ಕೆ, ಪತ್ರಿಕೆಯವರ ಮುಂದೆ ಮುಖ ತೋರಿಸುವುದಕ್ಕೆ ಅವರು ಅನುಕೂಲ. ಅವರಿಗೂ ಗುಂಪುಗಳನ್ನು ಆಳುವ ಅಧಿಕಾರವಿಲ್ಲ.

ಹೊರಗಿನವರ ಜೊತೆ

ಆಸ್ಪತ್ರೆ, ಪೊಲೀಸು, ಮಠ, ಮದ್ಯವರ್ಜನ ಶಿಬಿರ, ಯಾರು ಕರೆದರೂ ಹೋಗಿ ನಮ್ಮ ಅನುಭವ ಹೇಳಿ ಬನ್ನಿ. ಅವರ ಬ್ಯಾನರಿನಲ್ಲಿ ನಮ್ಮ ಹೆಸರು ಬೇಡ, ನಮ್ಮ ಹಾಲಿನಲ್ಲಿ ಅವರ ಬ್ಯಾನರ್ ಬೇಡ. ಶಿಬಿರದಿಂದ ಬಂದವರನ್ನು ಅಲ್ಲಿ ಕಲಿತದ್ದು ತಪ್ಪೆಂದು ಗೇಲಿ ಮಾಡಬೇಡಿ.

ಬಾರ್ ಮುಚ್ಚಿಸಬೇಕೆಂಬ ಮನವಿಗೆ ಗುಂಪಿನ ಹೆಸರಲ್ಲಿ ಸಹಿ ಇಲ್ಲ. 2007ರಲ್ಲಿ ರಾಜ್ಯ ಸರ್ಕಾರ ಸಾರಾಯಿ ನಿಲ್ಲಿಸಿದ್ದು ಸರಿಯೋ ತಪ್ಪೋ, ಪೂರ್ತಿ ಪಾನನಿಷೇಧ ಬೇಕೋ ಬೇಡವೋ, ಎ.ಎ.ಗೆ ಅಭಿಪ್ರಾಯವಿಲ್ಲ. ನಾಗರಿಕರಾಗಿ ನೀವು ಧರಣಿ ಕೂರಿ, ಯಾರೂ ತಡೆಯುವುದಿಲ್ಲ, ಎ.ಎ. ಸೆಕ್ರೆಟರಿ ಎಂದು ಮೈಕು ಹಿಡಿಯಬೇಡಿ. 1840ರಲ್ಲಿ ಬಾಲ್ಟಿಮೋರಿನ ಆರು ಜನ ಕುಡುಕರು ಸೇರಿ ಶುರುಮಾಡಿದ ವಾಷಿಂಗ್ಟನಿಯನ್ ಚಳವಳಿ ಕೆಲವೇ ವರ್ಷದಲ್ಲಿ ಲಕ್ಷಗಟ್ಟಲೆ ಜನರನ್ನು ಮುಟ್ಟಿತ್ತು. ಕುಡುಕನಿಗೆ ಕುಡುಕನೇ ಆಸರೆ ಎಂಬ ನಮ್ಮದೇ ದಾರಿ. ಆಮೇಲೆ ಊರ ಸುಧಾರಣೆ, ರಾಜಕೀಯ, ಪಾನನಿಷೇಧದ ಜಗಳಕ್ಕೆಲ್ಲ ಕೈ ಹಾಕಿ ಹೇಳಹೆಸರಿಲ್ಲದಂತಾಯಿತು. ಹೊರಗಿನ ವಿವಾದಗಳಲ್ಲಿ ಅಭಿಪ್ರಾಯ ಬೇಡ ಎನ್ನುವ ಹತ್ತನೇ ಸಂಪ್ರದಾಯದ ಹಿಂದೆ ಇರುವುದು ಅವರ ಪಾಡು.

ಈ ಸೂಚನೆ ಒಪ್ಪದವರಿಗೆ

ತಿದ್ದುಪಡಿ ಬೇಕಾದರೆ ಬರೆದು, ಶನಿವಾರದ ಬಿಸಿನೆಸ್ ಮೀಟಿಂಗಿಗೆ ಒಂದು ವಾರ ಮುಂಚೆ ಸೆಕ್ರೆಟರಿಗೆ ಕೊಡಿ. ಬರೆಯಲು ಬಾರದವರು ಯಾರ ಕೈಯಲ್ಲಾದರೂ ಬರೆಸಿ. ಸೆಕ್ರೆಟರಿ ಅದನ್ನು ಮಡಚಿ ಜೇಬಿಗಿಡಕೂಡದು, ಅದೇ ದಿನ ನೋಟಿಸ್ ಬೋರ್ಡಿಗೆ ಅಂಟಿಸಬೇಕು. ಹಾಲಿ ಸೆಕ್ರೆಟರಿಯ ಮೇಲೆ ದೂರಿದ್ದರೆ ಅದನ್ನು ಖಜಾಂಚಿಗೆ ಕೊಡಿ. ಖಜಾಂಚಿಯ ಮೇಲಿದ್ದರೆ ಸೆಕ್ರೆಟರಿಗೆ. ಇಬ್ಬರ ಮೇಲೂ ಇದ್ದರೆ ಎಲ್ಲರ ಮುಂದೆ ಎದ್ದು ನಿಂತು ಓದಿ. ಓದಿ ಮುಗಿಸುವ ತನಕ ನಡುವೆ ಯಾರೂ ಬಾಯಿ ಹಾಕಕೂಡದು.